ರೆಕ್ಕೆ ಹುಟ್ಟುವ ಜಾಗ

ನನ್ನದು ಕಂಚಿನ ಎರಕದ ಕೆಲಸ. ಗ್ರಿಫಿನ್ ಅಂದರೆ ಹದ್ದಿನ ತಲೆ, ಹದ್ದಿನ ರೆಕ್ಕೆ, ಸಿಂಹದ ಮೈ. ಅಂಥದ್ದೊಂದು ಮೇಣದ ಮಾದರಿ ಮುಂದೆ ಬಂದರೆ ನಾನು ಮೊದಲು ಹೆಗಲು ಮುಟ್ಟಿ ನೋಡುತ್ತೇನೆ. ಕೊಕ್ಕು, ಉಗುರು ಎಲ್ಲ ಆಮೇಲೆ.

ಹೊಸಬರು ತಲೆಯಿಂದ ಶುರು ಮಾಡುತ್ತಾರೆ. ತಲೆ ಚೆನ್ನಾಗೇ ಬರುತ್ತದೆ. ಕೊನೆಗೆ ಬೆನ್ನ ಮೇಲೆ ಎರಡು ರೆಕ್ಕೆ ಅಂಟಿಸುತ್ತಾರೆ. ಅಷ್ಟು ದೊಡ್ಡ ರೆಕ್ಕೆ ಬೀಸೋಕೆ ಮಾಂಸಖಂಡ ಬೇಕಲ್ವಾ? ಹೆಗಲು ಉಬ್ಬಿರಬೇಕು, ಸಿಂಹದ ಕೂದಲು ಮೆಲ್ಲಗೆ ಸಣ್ಣ ಗರಿಗಳಾಗಬೇಕು.

ಇದನ್ನು ಕಲಿಯಲು ಅರೆಟ್ಸೊದ ಕಿಮೇರಾ ನೋಡಬೇಕು. ಕಿಮೇರಾ ಅಂದರೆ ಸಿಂಹ, ಮೇಕೆ, ಹಾವು ಮೂರೂ ಸೇರಿದ ಗ್ರೀಕ್ ಪುರಾಣದ ಪ್ರಾಣಿ. ಇದು ಪ್ರಾಚೀನ ಇಟಲಿಯ ಎಟ್ರಸ್ಕನ್ ಜನ ಮಾಡಿದ, ಸುಮಾರು 2400 ವರ್ಷ ಹಳೆಯ ಕಂಚಿನ ಶಿಲ್ಪ. 1553ರಲ್ಲಿ ಇಟಲಿಯ ಅರೆಟ್ಸೊದಲ್ಲಿ ಸಿಕ್ಕಿತು, ಈಗ ಫ್ಲಾರೆನ್ಸ್‌ನ ಮ್ಯೂಸಿಯಂನಲ್ಲಿದೆ. ಸಿಂಹದ ಬೆನ್ನಿಂದ ಮೇಕೆಯ ಕತ್ತು ಎದ್ದಿದೆ. ಗಾಯಗೊಂಡು ಪಕ್ಕಕ್ಕೆ ವಾಲಿದ ಆ ಕತ್ತು ಅಂಟಿಸಿದ್ದು ಅನ್ನಿಸುವುದೇ ಇಲ್ಲ. ಹಾವಿನ ಬಾಲ ಮಾತ್ರ 18ನೇ ಶತಮಾನದಲ್ಲಿ ಸೇರಿಸಿದ್ದು. ಅದು ಮೇಕೆಯ ಕೊಂಬನ್ನೇ ಕಚ್ಚುತ್ತಿದೆ! ತನ್ನ ಮೈಯನ್ನೇ ತಾನು ಯಾಕೆ ಕಚ್ಚುತ್ತದೆ? ಮೂಲದಲ್ಲಿ ಅದು ಶತ್ರುವಿನ ಕಡೆ ಹೆಡೆ ಎತ್ತಿದ್ದಿರಬೇಕು ಅನ್ನುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ.

ಲೋಹವೂ ತಕರಾರು ತೆಗೆಯುವುದು ಇದೇ ಜಾಗದಲ್ಲಿ. ತೆಳು ರೆಕ್ಕೆ ಬೇಗ ಗಟ್ಟಿಯಾಗುತ್ತದೆ. ದಪ್ಪ ಹೆಗಲು ಇನ್ನೂ ದ್ರವವಾಗೇ ಇರುತ್ತದೆ. ಅದು ಆರುತ್ತಾ ಕುಗ್ಗುವಾಗ ತುಂಬಿಕೊಳ್ಳಲು ಲೋಹ ಸಿಗದಿದ್ದರೆ ಒಳಗೆ ಪೊಳ್ಳು, ಇಲ್ಲವೇ ಬುಡದಲ್ಲೇ ಬಿರುಕು. ಅದಕ್ಕೇ ಮೈಯನ್ನು ಒಳಗೆ ಟೊಳ್ಳು ಮಾಡಿ ಗೋಡೆಯ ದಪ್ಪ ಎಲ್ಲೆಡೆ ಸುಮಾರು 5 ಮಿ.ಮೀ. ಇಡುತ್ತೇವೆ. ಬುಡದಲ್ಲಿ ಚೂಪು ಮೂಲೆ ಬಿಡುವುದಿಲ್ಲ. ಹೆಗಲಿಗೆ ಹೆಚ್ಚುವರಿ ಲೋಹ ಒದಗಿಸುವ ದಪ್ಪ ದಾರಿ ಕೊಡುತ್ತೇವೆ. ಆಮೇಲೆ ಅದನ್ನು ಕತ್ತರಿಸಿ ತೆಗೆದರಾಯಿತು.

ರೆಕ್ಕೆ ತುಂಬಾ ಅಗಲವಾಗಿದ್ದರೆ ಬೇರೆಯಾಗಿ ಎರೆದು ವೆಲ್ಡಿಂಗ್ ಮಾಡುವುದೇ ವಾಸಿ. ಆಗ ಜೋಡಣೆಯ ಗೆರೆಯನ್ನು ಗರಿಗಳ ಸಾಲಿನ ಅಡಿಯಲ್ಲೇ ಎಳೆಯಿರಿ, ನುಣುಪಾದ ಮೈ ಮೇಲೆ ಬೇಡ. ವೆಲ್ಡಿಂಗ್ ಕಡ್ಡಿಯೂ ಅದೇ ಮಿಶ್ರಣದ ಕಂಚಿನದ್ದಾಗಿರಲಿ. ಬೇರೆ ಕಡ್ಡಿ ಹಾಕಿ ಉಜ್ಜಿದರೆ ಹೊಳೆಯುವಾಗ ಗೊತ್ತೇ ಆಗುವುದಿಲ್ಲ. ಬಣ್ಣ ಬರಿಸಲು ಬಿಸಿ ಮಾಡಿ ರಾಸಾಯನಿಕ ಹಚ್ಚಿದ ಕೂಡಲೇ ಮೈಯೆಲ್ಲ ಕಂದಾಗುತ್ತದೆ, ವೆಲ್ಡಿಂಗ್ ಗೆರೆಯೊಂದು ಮಾತ್ರ ಬೇರೆ ಬಣ್ಣಕ್ಕೆ ತಿರುಗುತ್ತದೆ.