ಹಲ್ಲು ನೋವಿಗೆ ಮೂಗಿನ ಡಾಕ್ಟರು

ಮೇಲಿನ ದವಡೆಯ ಎಡಗಡೆ ಮೂರ್ನಾಲ್ಕು ಹಲ್ಲು ಒಟ್ಟಿಗೇ ನೋಯುತ್ತಿದ್ದವು. ಇಂಥದ್ದೇ ಹಲ್ಲು ಅಂತ ಬೆರಳಿಟ್ಟು ತೋರಿಸೋಕೆ ಆಗುತ್ತಿರಲಿಲ್ಲ. ಮೆಟ್ಟಿಲು ಇಳಿದರೆ ಒಂದೊಂದು ಹೆಜ್ಜೆಗೂ ಹಲ್ಲು ಜುಮ್ ಅನ್ನುತ್ತಿತ್ತು. ಬಗ್ಗಿ ಕಸ ಗುಡಿಸಿದರೆ ಕೆನ್ನೆಯೆಲ್ಲ ಭಾರ. ಶಿವಮೊಗ್ಗದ ಮಳೆಗಾಲ ಬೇರೆ, ಮನೆಮಂದಿಗೆಲ್ಲ ನೆಗಡಿ ಬಂದು ಹೋಗಿತ್ತು.

ದಂತವೈದ್ಯರು ಹಲ್ಲುಗಳನ್ನು ಒಂದೊಂದಾಗಿ ತಟ್ಟಿ ನೋಡಿದರು, ಎಕ್ಸ್‌ರೇ ತೆಗೆದರು. "ಹುಳುಕು ಇಲ್ಲ, ಬೇರೂ ಚೆನ್ನಾಗಿದೆ. ಈಚೆಗೆ ನೆಗಡಿ ಆಗಿತ್ತಾ?" ಅಂದರು. ಆಗಿತ್ತು ಅಂದೆ. "ಹಾಗಾದ್ರೆ ನಾನು ಮುಟ್ಟೋದಿಲ್ಲ, ಇಎನ್‌ಟಿ ಡಾಕ್ಟರಿಗೆ ತೋರಿಸಿ" ಅಂತ ಕಳಿಸಿದರು. ಅವರು ಹೀಗೆ ಹೇಳಿ ಕಳಿಸಿದ್ದಕ್ಕೆ ನನಗೆ ಇವತ್ತಿಗೂ ಗೌರವ.

ಇಎನ್‌ಟಿ ಡಾಕ್ಟರು ವಯಸ್ಸಾದ ಹೆಂಗಸು. ಮೊದಲು ಔಷಧಿಯಲ್ಲಿ ಅದ್ದಿದ ಹತ್ತಿಯನ್ನು ಎರಡೂ ಹೊಳ್ಳೆಗೆ ತುರುಕಿ ಸ್ವಲ್ಪ ಹೊತ್ತು ಕೂರಿಸಿದರು. ಕಹಿ ಗಂಟಲಿಗಿಳಿದು, ಮೇಲ್ದುಟಿಯೂ ಹಲ್ಲೂ ಮರಗಟ್ಟಿದವು. ಆಮೇಲೆ ತುದಿಯಲ್ಲಿ ಬೆಳಕಿರುವ ಸಪೂರ ಕಡ್ಡಿಯಂಥ ಕೊಳವೆ ಒಳಗೆ ಹೋಯಿತು. "ಹೆದರಬೇಡಮ್ಮ, ಬಾಯಲ್ಲಿ ಉಸಿರಾಡು. ಪರದೆ ನೋಡ್ತಾ ಇರು, ನಿನ್ನ ಮೂಗನ್ನ ನೀನೇ ನೋಡು" ಅಂದರು.

ನೋಡಿದೆ. ಮೂಗಿನ ರಂಧ್ರ ಮೇಲಕ್ಕೆ, ಹುಬ್ಬಿನ ಕಡೆಗೆ ಹೋಗುತ್ತದೆ ಅಂತ ನಾನು ಅಂದುಕೊಂಡಿದ್ದೆ. ಆದರೆ ಕೊಳವೆ ಹೋಗಿದ್ದು ನೇರವಾಗಿ ಹಿಂದಕ್ಕೆ, ಬಾಯಿಯ ಅಂಗಳದ ಮೇಲೆಯೇ. ಒಂದು ಕಡೆ ನಡುಗೋಡೆ. ಇನ್ನೊಂದು ಕಡೆ ಗುಲಾಬಿ ಬಣ್ಣದ, ಒದ್ದೆಯಾಗಿ ಹೊಳೆಯುವ ಉಬ್ಬು. ಇವನ್ನು ಟರ್ಬಿನೇಟ್ ಅನ್ನುತ್ತಾರೆ. ಒಂದೊಂದು ಬದಿಗೂ ಮೂರು ಇರುತ್ತವೆ, ಒಂದರ ಮೇಲೊಂದು. ಒಳಗೆ ತೆಳು ಮೂಳೆ, ಮೇಲೆ ರಕ್ತ ತುಂಬಿಕೊಳ್ಳುವ ಪೊರೆ. ಒಳಗೆ ಬರುವ ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಕೊಟ್ಟು, ದೂಳು ಹಿಡಿದು ಕಳಿಸುವ ಕೆಲಸದಲ್ಲಿ ಇವುಗಳದ್ದೇ ದೊಡ್ಡ ಪಾಲು.

ಬಲಗಡೆ ಉಬ್ಬಿಗಿಂತ ಎಡಗಡೆಯದು ಜಾಸ್ತಿ ಊದಿತ್ತು. ಅದೇ ಕಾಯಿಲೆನಾ ಅಂತ ಕೇಳಿದೆ. ಪೂರ್ತಿ ಅಲ್ಲವಂತೆ. ಆರೋಗ್ಯವಂತರಲ್ಲೂ ಕೆಲವು ಗಂಟೆಗೊಮ್ಮೆ ಒಂದು ಬದಿ ಊದಿ, ಇನ್ನೊಂದು ಬದಿ ಕುಗ್ಗುತ್ತದೆ, ಆಮೇಲೆ ಅದಲು ಬದಲು. ಜರ್ಮನಿಯ ರಿಚರ್ಡ್ ಕೈಸರ್ ಎಂಬ ವೈದ್ಯರು 1895ರಲ್ಲಿ ಇದನ್ನು ವಿವರಿಸಿ ಬರೆದರು. ಸೂರ್ಯನಾಡಿ, ಚಂದ್ರನಾಡಿ ಅಂತ ನಮ್ಮ ಯೋಗದ ಮೇಷ್ಟ್ರು ಹೇಳುತ್ತಿದ್ದರಲ್ವಾ, ಉಸಿರು ಹೀಗೆ ಹೊಳ್ಳೆ ಬದಲಿಸುವುದನ್ನು ಅವರ ಕಡೆಯವರು ಎಷ್ಟೋ ಹಿಂದೆಯೇ ಗಮನಿಸಿದ್ದರು.

ಕೊಳವೆ ಪೂರ್ತಿ ಹಿಂದಕ್ಕೆ ಹೋದಾಗ "ಎಂಜಲು ನುಂಗು" ಅಂದರು. ನುಂಗಿದೆ. ಪಕ್ಕದ ಗೋಡೆಯಲ್ಲಿ ಒಂದು ಸಣ್ಣ ಬಾಯಿ ತೆರೆದು ಮುಚ್ಚಿತು. ಕಿವಿಗೆ ಹೋಗುವ ದಾರಿ ಅದು. ಘಾಟಿಯಲ್ಲಿ ಬಸ್ಸು ಇಳಿಯುವಾಗ ಕಟ್ಟಿದ ಕಿವಿ ಎಂಜಲು ನುಂಗಿದರೆ ಬಿಡುತ್ತದಲ್ಲ, ಆಗ ತೆರೆಯುವುದು ಇದೇ.

ಆಮೇಲೆ ಕೊಳವೆಯನ್ನು ಸ್ವಲ್ಪ ಹಿಂದಕ್ಕೆಳೆದು ಎಡಗಡೆ ನಡುವಿನ ಉಬ್ಬಿನ ಅಡಿಗೆ ತಿರುಗಿಸಿದರು. ಅಲ್ಲಿಂದ ಹಳದಿ ಕೀವು ದಾರದ ಹಾಗೆ ಇಳಿಯುತ್ತಿತ್ತು. "ಸಿಕ್ತು ನೋಡು ನಿನ್ನ ಹಲ್ಲು ನೋವು."

ಮೇಜಿನ ಮೇಲೆ ಅರ್ಧಕ್ಕೆ ಸೀಳಿದ ಪ್ಲಾಸ್ಟಿಕ್ ತಲೆಯೊಂದಿತ್ತು. ಅದನ್ನು ಹಿಡಿದು ವಿವರಿಸಿದರು. ಸೈನಸ್ ಅಂದರೆ ಮುಖದ ಮೂಳೆಯೊಳಗಿನ ಗಾಳಿಕೋಣೆ. ಹಣೆಯಲ್ಲಿ ಒಂದು ಜೋಡಿ. ಕಣ್ಣುಗಳ ನಡುವೆ ಸಣ್ಣ ಸಣ್ಣ ಕೋಣೆಗಳ ಗುಂಪು, ಅಲ್ಲಿ ಕಣ್ಣಿಗೂ ಮೂಗಿಗೂ ನಡುವಿನ ಮೂಳೆ ಕಾಗದದಷ್ಟು ತೆಳು. ತೀರಾ ಹಿಂದೆ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಕೆಳಗೆ ಇನ್ನೊಂದು ಜೋಡಿ. ಆ ಗ್ರಂಥಿಯ ಗೆಡ್ಡೆಯನ್ನು ಈಗ ಮೂಗಿನ ಮೂಲಕವೇ ತೆಗೆಯುವುದು ಈ ದಾರಿಯಿಂದ. ಎಲ್ಲಕ್ಕಿಂತ ದೊಡ್ಡವು ಕೆನ್ನೆಯವು, ದೊಡ್ಡವರಲ್ಲಿ ಒಂದೊಂದೂ ಸುಮಾರು 15 ಮಿಲಿಲೀಟರ್ ಹಿಡಿಸುವಷ್ಟು.

ಕೆನ್ನೆಯ ಈ ಕೋಣೆಯ ಬಾಗಿಲು ಎಲ್ಲಿದೆ ಅಂತ ನೋಡಿ ನನಗೆ ಆಶ್ಚರ್ಯವಾಯಿತು. ಮೂಗಿನ ಕಡೆಯ ಗೋಡೆಯಲ್ಲಿ, ಹೆಚ್ಚುಕಡಿಮೆ ಸೂರಿನ ಹತ್ತಿರ! ನೀರಿನ ತೊಟ್ಟಿಗೆ ತಳದಲ್ಲಿ ಇಡಬೇಕಾದ ತೂತನ್ನು ಮೇಲಂಚಿನಲ್ಲಿ ಇಟ್ಟ ಹಾಗೆ. ನಾವು ನಿಂತಾಗ, ಕೂತಾಗ ಒಳಗಿನ ಸಿಂಬಳ ತಾನಾಗಿ ಹರಿದು ಹೋಗುವ ಹಾಗೇ ಇಲ್ಲ. ಅದನ್ನು ಮೇಲಕ್ಕೆ ಸಾಗಿಸುವುದು ಕಣ್ಣಿಗೆ ಕಾಣದ ರೋಮಗಳು. ಪೊರೆಯ ತುಂಬ ಇರುವ ಇವು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಬಡಿಯುತ್ತಾ, ಸಿಂಬಳದ ಹಾಳೆಯನ್ನು ಬಾಗಿಲಿನ ಕಡೆಗೇ ತಳ್ಳುತ್ತಿರುತ್ತವೆ. ನೆಗಡಿಯಲ್ಲಿ ಬಾಗಿಲು ಊದಿ ಮುಚ್ಚುತ್ತದೆ, ರೋಮಗಳೂ ಸೋಲುತ್ತವೆ. ಕೋಣೆ ತುಂಬುತ್ತದೆ. ಮೇಲಿನ ಹಲ್ಲುಗಳ ನರಗಳು ಇದೇ ಕೋಣೆಯ ಗೋಡೆಯಲ್ಲಿ ಹಾದು ಹೋಗುವುದರಿಂದ ನೋವು ಹಲ್ಲಿಗೆ ಬರುತ್ತದೆ.

ಮನೆಗೆ ಬಂದು ಇದರ ಬಗ್ಗೆ ಓದುತ್ತಾ ಕೂತೆ. ಹಿಂದೆಲ್ಲ ಮತ್ತೆ ಮತ್ತೆ ಸೈನಸ್ ತುಂಬುವವರಿಗೆ ಮೂಗಿನ ಒಳಗೆ ಕೆಳಮಟ್ಟದಲ್ಲಿ ಹೊಸ ತೂತು ಕೊರೆಯುತ್ತಿದ್ದರು. ಕೆಳಗೆ ದಾರಿ ಮಾಡಿದರೆ ಹರಿದು ಹೋಗುತ್ತದೆ ಅನ್ನುವ ಲೆಕ್ಕ. ಆಸ್ಟ್ರಿಯಾದ ಗ್ರಾಜ್ ನಗರದ ವೈದ್ಯ ವಾಲ್ಟರ್ ಮೆಸ್ಸರ್‌ಕ್ಲಿಂಗರ್ ಕೂತು ಸಿಂಬಳದ ದಾರಿಯನ್ನೇ ಹಿಂಬಾಲಿಸಿ ನೋಡಿದರು. ರೋಮಗಳು ಆ ಹೊಸ ತೂತನ್ನು ದಾಟಿಕೊಂಡು, ಸಿಂಬಳವನ್ನು ಹಳೆಯ ಬಾಗಿಲಿಗೇ ಹೊತ್ತೊಯ್ಯುತ್ತಿದ್ದವು! ಇವತ್ತು ಇಂಥ ಕೊಳವೆ ತೂರಿಸಿ ಮಾಡುವ ಎಂಡೋಸ್ಕೋಪಿ ಆಪರೇಷನ್ನಿನಲ್ಲಿ ಮೂಲ ಬಾಗಿಲನ್ನೇ ಬಿಡಿಸುವುದು ಇದೇ ಕಾರಣಕ್ಕೆ. ಕೈಯಲ್ಲಿ ಕೊಳವೆ ಹಿಡಿದು ತಾಳ್ಮೆಯಿಂದ ಸಿಂಬಳ ಹರಿಯುವುದನ್ನು ನೋಡಿದ ಆ ಮನುಷ್ಯನಿಗೆ ಕೈ ಮುಗಿಯಬೇಕು ಅನ್ನಿಸಿತು.

ನನಗೆ ಆಪರೇಷನ್ ಬೇಕಾಗಲಿಲ್ಲ. ಮಾತ್ರೆ, ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಮೂಗು ತೊಳೆಯೋದು, ಒಂದು ಸ್ಪ್ರೇ. ಸ್ಪ್ರೇ ಹೊಡೆಯೋಕೂ ಒಂದು ಕ್ರಮ ಇದೆ. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ. ಆಗ ಔಷಧಿ ನಡುಗೋಡೆಗೆ ಬಡಿಯದೆ, ಕಿವಿಯ ದಿಕ್ಕಿಗೆ, ಆ ಉಬ್ಬುಗಳ ಕಡೆಗೆ ಹೋಗುತ್ತದೆ. ನಡುಗೋಡೆಗೇ ಹೊಡೆದರೆ ಅಲ್ಲಿ ಒಣಗಿ ರಕ್ತ ಬರಬಹುದು. ಮೂಗು ತಕ್ಷಣ ಬಿಡಿಸುವ ಡ್ರಾಪ್ಸ್ ಬೇರೆ, ಅದನ್ನು ಕೆಲವೇ ದಿನ ಹಾಕಬೇಕು, ಜಾಸ್ತಿ ದಿನ ಹಾಕಿದರೆ ಅದರಿಂದಲೇ ಮೂಗು ಕಟ್ಟಲು ಶುರುವಾಗುತ್ತದೆ ಅಂತ ಗಟ್ಟಿಯಾಗಿ ಹೇಳಿದರು. "ರಾತ್ರಿ ಬಲಮಗ್ಗುಲಿಗೆ ಮಲಗು" ಅಂತಲೂ ಅಂದರು. ಹಾಗೆ ಮಲಗಿದರೆ ಎಡಕೆನ್ನೆಯ ಕೋಣೆಯ ಬಾಗಿಲು ಕೆಳಗಡೆಗೆ ಬರುತ್ತದೆ. ಮೊದಲ ರಾತ್ರಿಯೇ ಗಂಟಲಿಗೆ ಇಳಿದದ್ದು ಗೊತ್ತಾಯಿತು, ಎದ್ದು ಉಗಿದು ಬಂದು ಮಲಗಿದೆ. ಕೆನ್ನೆ ಹಗುರಾಗಿತ್ತು.

ವಾಸಿಯಾದ ಮೇಲೆ ದಂತವೈದ್ಯರಿಗೆ ಫೋನ್ ಮಾಡಿದೆ. ಕೆಲವರಲ್ಲಿ ಮೇಲಿನ ದವಡೆಹಲ್ಲಿನ ಬೇರಿಗೂ ಸೈನಸ್ಸಿಗೂ ನಡುವೆ ಮೂಳೆಯೇ ಇರುವುದಿಲ್ಲವಂತೆ, ಬರೀ ಪೊರೆ. ಅಂಥ ಹಲ್ಲು ಕಿತ್ತರೆ ಬಾಯಿಗೂ ಮೂಗಿಗೂ ದಾರಿಯಾಗಿಬಿಡಬಹುದು. "ಒಂದೇ ಹಲ್ಲು ನೋಯ್ತಿದ್ರೆ ನನ್ನ ಹತ್ರ ಬನ್ನಿ. ನೆಗಡಿ ಆದ್ಮೇಲೆ ಸಾಲಾಗಿ ನೋಯ್ತಿದ್ರೆ ಮೊದಲು ಮೂಗು ತೋರಿಸಿ ಅಂತ ನಿಮ್ಮವರಿಗೆಲ್ಲ ಹೇಳಿ ಮೇಡಂ" ಅಂದರು.