ಗಟ್ಟಿಗಿತ್ತಿಯರ ಕೌದಿ: ಒನಕೆ ಮುಗೀತು, ಸೀರೆನೂ ಮುಗೀತು

ಪುಣೆಯಲ್ಲಿ ಮಳೆ ಹಿಡಿದಾಗ ಶುರು ಮಾಡಿದ ಕೌದಿಗೆ ಈಗ ಎರಡು ಚೌಕ ಸೇರಿವೆ. ಒಂದೊಂದು ಚೌಕದಲ್ಲಿ ಒಬ್ಬೊಬ್ಬ ಗಟ್ಟಿಗಿತ್ತಿ. ಕುದುರೆ ಮೇಲೆ ಕತ್ತಿ ಹಿಡಿದ ಚಿತ್ರ ಮಾತ್ರ ಬೇಡ ಅಂತ ಮೊದಲೇ ಅಂದುಕೊಂಡಿದ್ದೆ, ಅದು ಎಲ್ಲ ಕಡೆ ಇದೆ ಅಲ್ವಾ? ನನಗೆ ಅವರ ಕೈಯಲ್ಲಿದ್ದ ಸಾಮಾನು ಬೇಕು. ನೋಡಿದವರಿಗೆ ಮೊದಲು ನಗು ಬರಬೇಕು, ಆಮೇಲೆ ಮೈ ಜುಂ ಅನ್ನಬೇಕು.

ಮೊದಲು ಓಬವ್ವ. ಹೈದರಾಲಿಯ ಸೈನಿಕರು ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳುವಾಗ ಕಾವಲುಗಾರ ಗಂಡ ಊಟಕ್ಕೆ ಕೂತಿದ್ದ, ನೀರಿಗೆ ಬಂದವಳು ಒನಕೆ ಹಿಡಿದು ನಿಂತೇಬಿಟ್ಟಳು. ಕಿಂಡಿಯಿಂದ ಒಂದು ಪೇಟ ಇಣುಕುತ್ತಿದೆ, ಹಿಂದೆ ಇನ್ನೂ ಐದು ಪೇಟ ಸಾಲಾಗಿ ನಿಂತಿವೆ, ಪಾಪ, ಮುಂದಿನವನ ಗತಿ ಏನಾಯ್ತು ಅಂತ ಅವಕ್ಕೆ ಗೊತ್ತಿಲ್ಲ! ಒನಕೆಯನ್ನು ಎರಡು ಸಲ ಬಿಚ್ಚಿದೆ. ಅಕ್ಕನ ಮಗ "ಮೌಶಿ, ಬ್ಯಾಟ್ ಯಾಕೆ?" ಅಂದ. ನಡು ಸಣ್ಣ ಮಾಡಿ, ತುದಿಯ ಕಬ್ಬಿಣದ ಬಳೆಗೆ ಬೂದು ದಾರ ಮೂರು ಸುತ್ತು ಹಾಕಿದ ಮೇಲೆ ಸರಿಯಾಯ್ತು.

ಈ ವಾರ ಸಾವಿತ್ರಿಬಾಯಿ ಫುಲೆ. 1848ರಲ್ಲಿ ಇಲ್ಲೇ ಭಿಡೆ ವಾಡಾದಲ್ಲಿ ಹುಡುಗಿಯರ ಶಾಲೆ ಶುರುವಾಯ್ತು. ಪಾಠಕ್ಕೆ ಹೊರಟರೆ ಜನ ಸಗಣಿ, ಕೆಸರು ಎಸೆಯುತ್ತಿದ್ದರಂತೆ. ಇವರು ಇನ್ನೊಂದು ಸೀರೆ ಜೊತೆಗೇ ಒಯ್ಯುತ್ತಿದ್ದರು. ಶಾಲೆಗೆ ಹೋಗೋದು, ಸೀರೆ ಬದಲಿಸೋದು, ಪಾಠ ಶುರು! ಎಸೆದವರು ಬೆಳಗ್ಗೆಯಿಂದ ಪಟ್ಟ ಕಷ್ಟ ಎಲ್ಲ ದಂಡ. ಅದಕ್ಕೇ ಮೂಲೆಯಲ್ಲಿ ಖಾಲಿ ಬುಟ್ಟಿ ಹಿಡಿದು ಸುಸ್ತಾಗಿ ಕೂತ ಒಬ್ಬನನ್ನೂ ಹೊಲಿದಿದ್ದೇನೆ. ಸೀರೆ ಚೀಲಕ್ಕೆ ಅವ್ವನ ಇಳಕಲ್ ಸೆರಗಿನ ಚೂರು, ಒಗೆದು ಒಗೆದು ಮೆತ್ತಗಾಗಿದೆ. ಮೇಲಿನ ಅಂಚು ಹೊಲಿಯದೆ ಬಿಟ್ಟು ಒಳಗೆ ಬೆರಳಗಲದ ಪುಟ್ಟ ಸೀರೆ ಮಡಚಿ ಇಟ್ಟಿದ್ದೇನೆ. ಎಳೆದರೆ ಹೊರಗೆ ಬರುತ್ತೆ. ಮನೆಗೆ ಬಂದವರೆಲ್ಲ ಒಂದು ಸಲ ಎಳೆದು ನೋಡ್ತಾರೆ, ನನಗೆ ಅದೇ ಖುಷಿ.

ಮುಂದಿನದು ಮುಂಬೈನ ರಖ್ಮಾಬಾಯಿ. ಹನ್ನೊಂದಕ್ಕೇ ಮದುವೆ ಮಾಡಿದ್ದರು. ದೊಡ್ಡವಳಾದ ಮೇಲೆ ಗಂಡನ ಮನೆಗೆ ಹೋಗಲ್ಲ ಅಂದಳು, ಅವನು ಕೇಸು ಹಾಕಿದ. 1887ರಲ್ಲಿ ಕೋರ್ಟು, ಹೋಗು, ಇಲ್ಲಾಂದ್ರೆ ಆರು ತಿಂಗಳು ಜೈಲು ಅಂದಾಗ ಜೈಲೇ ಆಗಲಿ ಅಂದಳು! ಕೊನೆಗೆ ರಾಜಿಯಾಯ್ತು, ಆಕೆ ಲಂಡನ್ನಿನಲ್ಲಿ ಓದಿ ಡಾಕ್ಟರಾದಳು. ಜೈಲಿನ ಕಂಬಿಗೆ ಸ್ಟೆತಸ್ಕೋಪ್ ನೇತು ಹಾಕಬೇಕು ಅಂತಿದ್ದೇನೆ. ಕಂಬಿಗೆ ದಾರ ಇದೆ. ಕೊಳವೆಗೆ ಅವ್ವನ ಪೆಟ್ಟಿಗೆಯಲ್ಲಿ ಹಳೆ ಲಂಗದ ಲಾಡಿ ಸಿಕ್ಕಿದೆ, ನಾಳೆ ಅದಕ್ಕೆ ಕಪ್ಪು ಬಣ್ಣ.