ಮಂಗಳ ಗ್ರಹದವರು ಎರಿ ಹೊಲಕ್ಕೆ ಇಳಿದರೆ

ವಿಜಯಪುರದ ಒಂದು ಪಿಯು ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಪಾಠ ಮಾಡುತ್ತೇನೆ. ದ್ವಿತೀಯ ಪಿಯುಸಿಯಲ್ಲಿ ವಿಕಾಸದ ಪಾಠ ಬಂದಾಗ ಪ್ರತಿ ವರ್ಷವೂ ಅದೇ ತೊಡಕು. ಡಾರ್ವಿನ್ ಹೆಸರು ಕೇಳುವ ಮೊದಲೇ ಮಕ್ಕಳು ಸಿನಿಮಾ ನೋಡಿರುತ್ತಾರೆ. ಬೇರೆ ಗ್ರಹದವರು ಬರುತ್ತಾರೆ, ಹೊಡೆದಾಟ ಆಗುತ್ತೆ, ಗಟ್ಟಿ ಇದ್ದವನು ಉಳಿಯುತ್ತಾನೆ. ‘ಸರ್ವೈವಲ್ ಆಫ್ ದಿ ಫಿಟೆಸ್ಟ್’ ಅಂದ್ರೆ ಇಷ್ಟೇ ಅಂತ ತಲೆಯಲ್ಲಿ ಕೂತುಬಿಟ್ಟಿರುತ್ತೆ.

ಪಠ್ಯದಲ್ಲಿ ಪತಂಗದ ಉದಾಹರಣೆ ಇದೆ. ಇಂಗ್ಲೆಂಡಿನಲ್ಲಿ 1850ರ ದಶಕದಲ್ಲಿ ಬಿಳಿ ಪತಂಗ ಜಾಸ್ತಿ. ಕಾರ್ಖಾನೆ ಹೊಗೆಗೆ ಮರ ಕಪ್ಪಾದ ಮೇಲೆ, 1920ರ ಹೊತ್ತಿಗೆ, ಕಪ್ಪು ಪತಂಗ ಜಾಸ್ತಿ. ಕಪ್ಪು ಮರದ ಮೇಲೆ ಬಿಳಿದು ಹಕ್ಕಿ ಕಣ್ಣಿಗೆ ಬೀಳುತ್ತೆ, ಕಪ್ಪು ಬೀಳಲ್ಲ. ಒಳ್ಳೆ ಉದಾಹರಣೆನೇ. ಆದರೆ ಹಿಂದಿನ ಬೆಂಚಿನವರು ಪತಂಗಕ್ಕೆಲ್ಲ ತಲೆ ಎತ್ತಲ್ಲ.

ಅದಕ್ಕೇ ನಾನು ಇಂಗ್ಲಿಷ್ ಕಾದಂಬರಿಕಾರ ಎಚ್. ಜಿ. ವೆಲ್ಸ್‌ನನ್ನು ಕ್ಲಾಸಿಗೆ ಕರೆತಂದೆ. ಇವನು ನಮ್ಮ ಪೈಕಿಯವನೇ. ಲಂಡನ್ನಿನಲ್ಲಿ ಡಾರ್ವಿನ್‌ನ ಗೆಳೆಯ ಟಿ. ಎಚ್. ಹಕ್ಸ್ಲಿಯ ಹತ್ತಿರ ಜೀವಶಾಸ್ತ್ರ ಕಲಿತ, ಆಮೇಲೆ ಅದನ್ನೇ ಕಲಿಸಿದ. 1893ರಲ್ಲಿ ಜೀವಶಾಸ್ತ್ರದ ಪಠ್ಯಪುಸ್ತಕ ಬರೆದ. ಕಾದಂಬರಿಗಳು ಅದಾದ ಮೇಲೆ ಬಂದವು.

1898ರಲ್ಲಿ ಪುಸ್ತಕವಾಗಿ ಬಂದ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಕಥೆಯನ್ನು ಅರ್ಧ ಹೇಳಿ ನಿಲ್ಲಿಸುತ್ತೇನೆ. ಮಂಗಳ ಗ್ರಹದವರು ಮೂರು ಕಾಲಿನ ದೊಡ್ಡ ಯಂತ್ರಗಳಲ್ಲಿ ಬಂದಿದ್ದಾರೆ. ಸುಡುವ ಕಿರಣ ಇದೆ, ವಿಷದ ಕಪ್ಪು ಹೊಗೆ ಇದೆ. ಬ್ರಿಟಿಷರ ಫಿರಂಗಿ ಅವರ ಮುಂದೆ ನಡೆಯುತ್ತಿಲ್ಲ. ಈಗ ಹೇಳಿ, ಯಾರು ಉಳಿಯುತ್ತಾರೆ?

ಮೊದಲಿಗೆ ಎಲ್ಲರ ಓಟು ಮಂಗಳದವರಿಗೆ. ಒಬ್ಬ ಹುಡುಗ ಮಾತ್ರ ಎದ್ದು, “ಮೇಡಂ, ಅವರು ಮಳಿಗಾಲದಾಗ ನಮ್ಮ ಕಡೆ ಇಳೀಲ್ರಿ. ಎರಿ ಹೊಲದಾಗ ಆ ಮೂರೂ ಕಾಲು ಹುಗದು ಅಲ್ಲೇ ನಿಂದರ್ತಾವ. ಟ್ರ್ಯಾಕ್ಟರ್ ಹಚ್ಚಿ ಎಳೀಬೇಕಾಗ್ತದ” ಅಂದ. ಕ್ಲಾಸೆಲ್ಲ ನಕ್ಕಿತು. ಪಕ್ಕದ ಕೋಣೆಯಿಂದ ಭೌತಶಾಸ್ತ್ರದ ಸರ್ ಇಣುಕಿ ನೋಡಿ ಹೋದರು. ಆದರೆ ಹುಡುಗ ಹೇಳಿದ್ದು ತಮಾಷೆ ಅಲ್ಲ. ಪತಂಗದ ಪಾಠ ಪೂರಾ ಆ ಮಾತಿನಲ್ಲಿತ್ತು. ಯಂತ್ರ ಅದೇ, ನೆಲ ಬೇರೆ, ಮಳೆಗೆ ಕೆಸರಾಗುವ ಎರಿ ಅಂದ್ರೆ ಕಪ್ಪು ಮಣ್ಣು.

ಕಥೆಯಲ್ಲಿ ಅವರನ್ನು ಕೊಲ್ಲುವುದು ಬ್ಯಾಕ್ಟೀರಿಯಾ. ಅವರ ಗ್ರಹದಲ್ಲಿ ರೋಗಾಣುಗಳೇ ಇಲ್ಲ, ಹಾಗಾಗಿ ತಡೆಯುವ ಶಕ್ತಿಯೂ ಇಲ್ಲ. ನಮಗೆ ಆ ಶಕ್ತಿ ಬಂದಿದ್ದು ತೋಳಿನ ಬಲದಿಂದಲ್ಲ. ತಲೆಮಾರುಗಟ್ಟಲೆ ಜನ ಸತ್ತರು, ತಡೆದುಕೊಂಡವರ ಮಕ್ಕಳು ಉಳಿದರು. ಇದನ್ನೂ ವೆಲ್ಸ್ ಕಥೆಯೊಳಗೇ ಹೇಳುತ್ತಾನೆ.

ಇನ್ನೊಂದು ಸಣ್ಣ ವಿಷಯ ಅವನು ಅಲ್ಲಿ ಇಟ್ಟಿದ್ದಾನೆ. ಕಥೆ ಓದಿದವರೂ ಅದನ್ನು ಜಾಸ್ತಿ ಗಮನಿಸಲ್ಲ. ಆ ಮಂಗಳದವರಲ್ಲಿ ಗಂಡು ಹೆಣ್ಣು ಅಂತಿಲ್ಲ. ನೀರಲ್ಲಿ ಬದುಕುವ ಹೈಡ್ರಾ ಅನ್ನೋ ಸಣ್ಣ ಜೀವಿಯ ಹಾಗೆ ತಾಯಿಯ ಮೈಮೇಲೆ ಮೊಗ್ಗೊಡೆದು ಮರಿ ಆಗುತ್ತೆ. ನಾನು ಬೋರ್ಡಿನ ಮೇಲೆ ಹೈಡ್ರಾ ಬರೆದು, ಹೀಗೆ ಹುಟ್ಟಿದ ಮರಿಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ, ಒಂದಕ್ಕೆ ತಗುಲಿದ ರೋಗ ಎಲ್ಲಕ್ಕೂ ತಗುಲುತ್ತೆ ಅಂದೆ.

ಇಂಡಿ ಕಡೆಯ ಒಬ್ಬ ಹುಡುಗಿ ಕೂತಲ್ಲೇ, “ನಮ್ಮ ದಾಳಿಂಬ್ರಿ ತ್ವಾಟಾನೂ ಹಿಂಗ ಹೋತ್ರಿ” ಅಂದಳು.

ಅವತ್ತು ಉಳಿದ ಪಾಠ ಅವಳದೇ. ಭಗವಾ ತಳಿ, ಗೂಟಿ ಕಟ್ಟಿ, ಅಂದ್ರೆ ತಾಯಿ ಗಿಡದ ಕೊಂಬೆಯಲ್ಲೇ ಬೇರು ಬರಿಸಿದ ಸಸಿ. ಮಳೆ ಬಂದು ಮೋಡ ಕವಿದ ವಾರದಲ್ಲಿ ಎಲೆ ಮೇಲೆ ನೀರು ಕುಡಿದಂಥ ಚುಕ್ಕೆ ಬಂತಂತೆ. ಆಮೇಲೆ ಕಾಯಿ ಮೇಲೆ ಕಪ್ಪು ಮಚ್ಚೆ, ಆಮೇಲೆ ಕಾಯಿ ಸೀಳು. ದುಂಡಾಣು ಅಂಗಮಾರಿ, ಇದೂ ಬ್ಯಾಕ್ಟೀರಿಯಾದ ರೋಗವೇ. ಗಿಡ ಸೊರಗಿದ್ದವಾ ಅಂತ ಕೇಳಿದೆ. “ಇಲ್ರೀ, ಹೆಂಗ ಬಂದಿದ್ವು ಅಂತೀರಿ, ಮಂದಿ ನೋಡಾಕ ಬರ್ತಿದ್ರು” ಅಂದಳು. ಗೂಟಿ ಕಟ್ಟಿದ ಗಿಡ ತಾಯಿ ಗಿಡದ ನಕಲು ತಾನೇ? ಒಂದು ಗಿಡ ತಡೆಯಲಿಲ್ಲ ಅಂದ್ರೆ ಪಕ್ಕದ್ದೂ ತಡೆಯಲ್ಲ. ಭಿನ್ನತೆ ಯಾಕೆ ಬೇಕು ಅನ್ನೋದನ್ನು ಆ ವರ್ಷ ನಾನು ಬೇರೆಯಾಗಿ ವಿವರಿಸಬೇಕಾಗಲಿಲ್ಲ.

ವಿಕಾಸದ ಪಾಠ ಮಾಡುವ ಬೇರೆ ಮೇಷ್ಟ್ರಿಗೆ ನಾನು ಹೇಳುವುದು ಇಷ್ಟು: ಕಥೆಯ ಕೊನೆಯನ್ನು ನೀವೇ ಹೇಳಿಬಿಡಬೇಡಿ. ಅಲ್ಲಿಗಿಂತ ಸ್ವಲ್ಪ ಮೊದಲು ನಿಲ್ಲಿಸಿ, ಮಕ್ಕಳ ಊರಿಗೆ ಅದನ್ನು ತಂದು ಕೇಳಿ. ‘ಯಾರು ಗೆಲ್ತಾರೆ’ ಅನ್ನೋದಕ್ಕಿಂತ ‘ಎಲ್ಲಿ ಗೆಲ್ತಾರೆ’ ಅಂತ ಕೇಳಿದರೆ ಹಿಂದಿನ ಬೆಂಚೂ ಮಾತಾಡುತ್ತೆ. ‘ಸರ್ವೈವಲ್ ಆಫ್ ದಿ ಫಿಟೆಸ್ಟ್’ ಅನ್ನೋ ಪದಪುಂಜ ಡಾರ್ವಿನ್ ಹುಟ್ಟಿಸಿದ್ದಲ್ಲ, 1864ರಲ್ಲಿ ತತ್ವಜ್ಞಾನಿ ಹರ್ಬರ್ಟ್ ಸ್ಪೆನ್ಸರ್ ಬಳಸಿದ್ದು, ಡಾರ್ವಿನ್ ತನ್ನ ‘ಆರಿಜಿನ್ ಆಫ್ ಸ್ಪೀಸೀಸ್’ ಪುಸ್ತಕದ 1869ರ ಆವೃತ್ತಿಯಲ್ಲಿ ಸೇರಿಸಿಕೊಂಡ ಅನ್ನೋದನ್ನೆಲ್ಲ ಕೊನೆಗೆ ಬರೆಸಿದರೂ ನಡೆಯುತ್ತೆ.

ಅದೇ ವೆಲ್ಸ್‌ನ ‘ದಿ ಟೈಮ್ ಮೆಷಿನ್’ ಮಾತ್ರ ಸ್ವಲ್ಪ ಹುಷಾರಾಗಿ ಬಳಸಬೇಕು. 1895ರ ಪುಸ್ತಕ. 8,02,701ನೇ ಇಸವಿಯಲ್ಲಿ ಮನುಷ್ಯರು ಎರಡು ಜಾತಿ ಆಗಿರುತ್ತಾರೆ. ಮೇಲೆ ಹಣ್ಣು ತಿಂದುಕೊಂಡು ಆಡುವ ಎಲಾಯ್‌ಗಳು, ನೆಲದಡಿ ಯಂತ್ರ ನಡೆಸುವ ಮಾರ್ಲಾಕ್‌ಗಳು. ಅಪಾಯ, ಕಷ್ಟ ಎರಡೂ ಇಲ್ಲದೆ ಎಲಾಯ್‌ಗಳ ಬುದ್ಧಿ ಮಂಕಾಗಿರುತ್ತೆ. ಇದನ್ನು ಹೇಳಿದ ಕೂಡಲೇ ಮುಂದಿನ ಬೆಂಚಿನಿಂದ, “ಹಂಗಾರ ಮೊಬೈಲ್ ನೋಡಿ ನೋಡಿ ನಮ್ಮ ಮಕ್ಕಳೂ ಹಂಗ ಹುಟ್ತಾರೇನ್ರಿ ಮೇಡಂ?” ಅಂತ ಬಂತು. ಕತ್ತು ಚಾಚಿ ಚಾಚಿ ಜಿರಾಫೆಯ ಕತ್ತು ಉದ್ದ ಆಯ್ತು ಅನ್ನೋ, ಡಾರ್ವಿನ್‌ಗಿಂತ ಹಿಂದಿನ ವಿಜ್ಞಾನಿ ಲಾಮಾರ್ಕ್‌ನ ಮಾತೇ ಮತ್ತೆ ಬಾಗಿಲಿಗೆ ಬಂದಿತ್ತು. ನೀವು ನೋಡಿದ್ದು ಮಕ್ಕಳ ಜೀನಿಗೆ ಹೋಗಲ್ಲ ಅಂತ ಹೇಳಿ, ಕತ್ತಲ ಗುಹೆಯ ಕಣ್ಣಿಲ್ಲದ ಮೀನಿನಿಂದ ಮತ್ತೆ ಶುರು ಮಾಡಿದೆ. ಅದರ ಕಣ್ಣು ಹೋಗಿದ್ದು ಬಳಸದೆ ಅಲ್ಲ, ಕತ್ತಲಲ್ಲಿ ಕಣ್ಣಿಲ್ಲದ ಮರಿಯೂ ಉಳಿಯುತ್ತೆ ಅನ್ನೋದರಿಂದ.